ಲಾಗ್ ಔಟ್ ಬಟನ್ ಇಲ್ಲದ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಒಬ್ಬ ಯುವಕ ಗೇಮ್ ಆಡುತ್ತಿದ್ದಾನೆ. ಸಂಜೆ ಐದೂವರೆಗೆ ಮನೆಗೆ ಪಿಜ್ಜಾ ಬರುವುದಿದೆ. ಇವತ್ತಿಗೆ ಆಟ ಸಾಕು ಅಂದುಕೊಂಡು ಮೆನು ತೆರೆಯುತ್ತಾನೆ. ಕೆಳಗಡೆ ಇರಬೇಕಾಗಿದ್ದ ಲಾಗ್ ಔಟ್ ಬಟನ್ ಕಾಣುವುದಿಲ್ಲ. ಪಕ್ಕದಲ್ಲಿದ್ದ ಹೊಸ ಗೆಳೆಯನ ಮೆನುವಿನಲ್ಲೂ ಇಲ್ಲ. ಗೇಮ್ ಶುರುವಾಗಿ ಮೊದಲ ದಿನ ಅಲ್ವಾ, ಏನೋ ಬಗ್ ಇರಬೇಕು ಅಂತ ಮೊದಮೊದಲು ಹಗುರವಾಗಿಯೇ ಮಾತಾಡಿಕೊಳ್ಳುತ್ತಾರೆ. ಆ ಪಿಜ್ಜಾ ಅವನಿಗೆ ಸಿಗುವುದೇ ಇಲ್ಲ. ಅವನು ಮತ್ತೆ ಹೊರಗಿನ ಲೋಕದಲ್ಲಿ ಕಣ್ಣು ಬಿಡಲು ಎರಡು ವರ್ಷ ಹಿಡಿಯುತ್ತದೆ.

ಸ್ವೋರ್ಡ್ ಆರ್ಟ್ ಆನ್‌ಲೈನ್ ಎಂಬ ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಸರಣಿ ಶುರುವಾಗುವುದು ಹೀಗೆ. 2012ರ ಜುಲೈನಿಂದ ಡಿಸೆಂಬರ್‌ವರೆಗೆ ಅಲ್ಲಿನ ಟೀವಿಯಲ್ಲಿ ಬಂತು. ಒಟ್ಟು 25 ಕಂತು. ತಯಾರಿಸಿದ್ದು ಎ-1 ಪಿಕ್ಚರ್ಸ್, ನಿರ್ದೇಶಕರು ತೊಮೊಹಿಕೊ ಇತೊ, ಸಂಗೀತ ಯುಕಿ ಕಜಿಉರಾ ಅವರದು. ಆಮೇಲೆ ಇನ್ನಷ್ಟು ಸೀಸನ್‌ಗಳು, ಸಿನಿಮಾಗಳು ಬಂದವು. ಇದನ್ನು ತಲೆ ಮೇಲೆ ಹೊತ್ತು ಮೆರೆಸುವವರೂ ಜಾಸ್ತಿ, ಬಾಯಿಗೆ ಬಂದ ಹಾಗೆ ಬೈಯುವವರೂ ಜಾಸ್ತಿ. ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಅನಿಸುತ್ತದೆ. ಯಾವ ಅರ್ಧ ಯಾರದು ಅಂತ ಹೇಳುತ್ತೇನೆ, ಕೇಳಿ.

ಕಥೆ ಶುರುವಾಗುವ ದಿನ 2022ರ ನವೆಂಬರ್ 6. ನರ್ವ್‌ಗಿಯರ್ ಅಂತ ಒಂದು ಹೆಲ್ಮೆಟ್ ಬಂದಿದೆ. ಅದನ್ನು ಹಾಕಿಕೊಂಡು ಮಲಗಿದರೆ ಸಾಕು. ಮೆದುಳು ಕೈಕಾಲಿಗೆ ಕಳಿಸುವ ಸೂಚನೆಯನ್ನು ಅದು ನಡುವೆಯೇ ತಡೆದು ಗೇಮ್ ಕಡೆಗೆ ತಿರುಗಿಸುತ್ತದೆ. ದೇಹ ಹಾಸಿಗೆಯಲ್ಲಿ ಬಿದ್ದಿರುತ್ತದೆ, ಮನುಷ್ಯ ಗೇಮ್ ಒಳಗೆ ಓಡಾಡುತ್ತಿರುತ್ತಾನೆ. ಕಾಣುವುದು, ಕೇಳುವುದು, ಮುಟ್ಟಿದರೆ ತಿಳಿಯುವುದು, ನಾಲಿಗೆಯ ರುಚಿ, ಎಲ್ಲವೂ ಅಲ್ಲೇ. ಗೇಮ್ ನಡೆಯುವುದು ಐನ್‌ಕ್ರಾಡ್ ಎಂಬ ತೇಲುವ ಕೋಟೆಯಲ್ಲಿ. ಅದಕ್ಕೆ ನೂರು ಅಂತಸ್ತು. ಮೊದಲ ದಿನವೇ ಹತ್ತು ಸಾವಿರ ಜನ ಒಳಗೆ ಬಂದಿದ್ದಾರೆ.

ಸಂಜೆ ಅಷ್ಟೂ ಜನರನ್ನು ಒಂದು ದೊಡ್ಡ ಚೌಕಕ್ಕೆ ಎಳೆದು ತರುತ್ತಾರೆ. ಆಕಾಶ ಕೆಂಪಾಗುತ್ತದೆ. ಮುಖವೇ ಇಲ್ಲದ ಒಂದು ಭಾರಿ ನಿಲುವಂಗಿ ಮೇಲೆ ನಿಂತು ಮಾತಾಡುತ್ತದೆ. ಅದು ಗೇಮ್ ಕಟ್ಟಿದ ಅಕಿಹಿಕೊ ಕಯಾಬಾ. ಬಟನ್ ಇಲ್ಲದಿರುವುದು ಬಗ್ ಅಲ್ಲ, ಬೇಕೆಂದೇ ತೆಗೆದದ್ದು ಅನ್ನುತ್ತಾನೆ. ಇಲ್ಲಿ ಸತ್ತರೆ ಹೆಲ್ಮೆಟ್ಟಿನ ಮೈಕ್ರೋವೇವ್ ಅಲ್ಲಿ ಮೆದುಳು ಸುಡುತ್ತದೆ. ಹೊರಗಿನವರು ಹೆಲ್ಮೆಟ್ ಕಿತ್ತರೂ ಅದೇ ಗತಿ. ಹಾಗೆ ಈಗಾಗಲೇ 213 ಜನ ಹೋಗಿದ್ದಾರೆ. ನೂರನೇ ಅಂತಸ್ತು ಗೆದ್ದರೆ ಉಳಿದವರಿಗೆಲ್ಲ ಬಿಡುಗಡೆ. ಇಷ್ಟು ಹೇಳಿ ಎಲ್ಲರಿಗೂ ಒಂದೊಂದು ಕನ್ನಡಿ ಕೊಡುತ್ತಾನೆ. ನೋಡಿಕೊಂಡರೆ ಬಣ್ಣದ ವೇಷ ಕಳಚಿ ಅವರವರ ನಿಜವಾದ ಮುಖ ಬರುತ್ತದೆ. ಅಲ್ಲಿಯವರೆಗೆ ಸುಂದರ ವೀರನಾಗಿದ್ದವನು ಸಾಧಾರಣ ಹುಡುಗನಾಗುತ್ತಾನೆ. ಹುಡುಗಿಯ ವೇಷ ಹಾಕಿದ್ದ ಗಂಡಸರು ಪಕ್ಕದವರ ಕೈಗೆ ಸಿಕ್ಕಿಬೀಳುತ್ತಾರೆ. ಅಷ್ಟು ಭಯದ ನಡುವೆಯೂ ಫಕ್ಕನೆ ನಗು ಬಂದುಬಿಡುತ್ತದೆ. ಮೊದಲ ಕಂತು ಅಂದರೆ ಹೀಗಿರಬೇಕು.

ಇಷ್ಟು ಒಳ್ಳೆಯ ಶುರು ಸಿಕ್ಕ ಮೇಲೂ ಸರಣಿ ಎಡವುತ್ತದೆ. ಯಾಕೆ ಅನ್ನುವುದಕ್ಕೆ ಅದರ ಹುಟ್ಟನ್ನು ನೋಡಬೇಕು. ಇದರ ಮೂಲ ಕಾದಂಬರಿಯನ್ನು ರೆಕಿ ಕವಹಾರಾ ಬರೆದದ್ದು 2001-02ರ ಹೊತ್ತಿಗೆ, ಒಂದು ಕಾದಂಬರಿ ಸ್ಪರ್ಧೆಗೆಂದು. ಪುಟದ ಮಿತಿ ಮೀರಿಹೋಯಿತು. ಸ್ಪರ್ಧೆಯ ಆಸೆ ಬಿಟ್ಟು ಇಂಟರ್‌ನೆಟ್‌ನಲ್ಲಿ ಹಾಕಿದರು. ಓದುಗರು ಸಿಕ್ಕರು, ಇವರೂ ಬರೆಯುತ್ತಾ ಹೋದರು. ಮುಂದೆ 2008ರಲ್ಲಿ ಅವರ ಬೇರೊಂದು ಕಾದಂಬರಿಗೆ ಡೆಂಗೆಕಿ ಎಂಬ ಕಾದಂಬರಿ ಬಹುಮಾನ ಬಂತು. ಆಮೇಲೆ 2009ರ ಏಪ್ರಿಲ್‌ನಲ್ಲಿ ಇದೂ ಪುಸ್ತಕವಾಯಿತು. ಸ್ಪರ್ಧೆಗೆ ಬರೆದ ಕಥೆ ಆದ್ದರಿಂದ ಮೊದಲ ಪುಸ್ತಕಕ್ಕೆ ಎಲ್ಲಿಲ್ಲದ ಅವಸರ. ಮೊದಲ ದಿನ ತೋರಿಸಿ, ಒಂದೇ ನೆಗೆತಕ್ಕೆ ಎರಡು ವರ್ಷ ದಾಟಿ 74ನೇ ಅಂತಸ್ತಿಗೆ ಹೋಗುತ್ತದೆ. ನಡುವಿನ ದಿನಗಳ ಕಥೆಗಳನ್ನು ಅವರು ಆಮೇಲೆ ಬಿಡಿಬಿಡಿಯಾಗಿ ಬರೆದರು. ಅನಿಮೆಯವರು ಅವನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಬಿಟ್ಟರು. ಹಾಗಾಗಿ ಒಂದು ಕಂತಿನಲ್ಲಿ ಒಬ್ಬ ಹುಡುಗಿ ಬರುತ್ತಾಳೆ, ನಾಯಕ ಕಿರಿಟೊಗೆ ಮನಸೋಲುತ್ತಾಳೆ, ಮುಂದಿನ ಕಂತಿಗೆ ನಾಪತ್ತೆ. ಇನ್ನೊಂದರಲ್ಲಿ ಇನ್ನೊಬ್ಬಳು. ನಡುವೆ ಹತ್ತಿಪ್ಪತ್ತು ಅಂತಸ್ತು ಹೇಗೆ ದಾಟಿದರು ಅಂತ ಹೇಳುವವರೇ ಇಲ್ಲ. ಬೈಯುವವರ ಮಾತು ಇಲ್ಲಿ ನಿಜ.

ತಮಾಷೆ ಅಂದರೆ, ಸರಣಿಯ ಜೀವ ಇರುವುದೂ ಆ ಬಿಡಿ ಕಥೆಗಳಲ್ಲೇ.

ಮೂರನೇ ಕಂತು ನೋಡಿ. ಕಿರಿಟೊ ಒಂಟಿಯಾಗಿ ಆಡುವವನು, ಲೆವೆಲ್‌ನಲ್ಲಿ ಎಲ್ಲರಿಗಿಂತ ಮುಂದೆ. ಐದು ಜನರ ಒಂದು ಪುಟ್ಟ ಗಿಲ್ಡ್, ಅಂದರೆ ಜೊತೆಗೂಡಿ ಆಡುವವರ ತಂಡ, ಅವನಿಗೆ ಸಿಗುತ್ತದೆ. ಒಂದೇ ಶಾಲೆಯ ಗೆಳೆಯರು. ಅವರ ಹರಟೆ, ನಗು ಕಂಡು ಆಸೆಯಾಗಿ, ತನ್ನ ಲೆವೆಲ್ ಮುಚ್ಚಿಟ್ಟು ಸೇರಿಕೊಳ್ಳುತ್ತಾನೆ. ಅವರಲ್ಲಿ ಸಾಚಿ ಎಂಬ ಹುಡುಗಿಗೆ ಸಾವಿನ ಭಯ, ರಾತ್ರಿ ನಿದ್ದೆ ಹತ್ತುವುದಿಲ್ಲ. ನೀನು ಸಾಯೋದಿಲ್ಲ ಅಂತ ಇವನು ಮಾತು ಕೊಡುತ್ತಾನೆ. ಒಂದು ದಿನ 27ನೇ ಅಂತಸ್ತಿನ ಗುಪ್ತ ಕೋಣೆಯಲ್ಲಿ ಪೆಟ್ಟಿಗೆಯೊಂದನ್ನು ತೆರೆಯುತ್ತಾರೆ. ಅದೊಂದು ಬೋನು. ಬಾಗಿಲು ಮುಚ್ಚುತ್ತದೆ, ಎಲ್ಲ ಕಡೆಯಿಂದ ರಾಕ್ಷಸರು ಬರುತ್ತಾರೆ. ಉಳಿದು ಬರುವವನು ಕಿರಿಟೊ ಒಬ್ಬನೇ. ಅವತ್ತು ಜೊತೆಯಲ್ಲಿ ಹೋಗದೇ ಇದ್ದ ಗಿಲ್ಡಿನ ನಾಯಕ, ವಿಷಯ ತಿಳಿದು ಕೋಟೆಯ ಅಂಚಿನಿಂದ ಹಾರಿಕೊಳ್ಳುತ್ತಾನೆ. ಕೆಲವು ತಿಂಗಳ ಮೇಲೆ, ಸತ್ತವರನ್ನು ಬದುಕಿಸುವ ವಸ್ತುವೊಂದು ಕ್ರಿಸ್‌ಮಸ್ ರಾತ್ರಿ ಸಿಗುತ್ತದೆ ಎಂಬ ಸುದ್ದಿ ಬರುತ್ತದೆ. ಕಿರಿಟೊ ಜೀವದ ಹಂಗು ಬಿಟ್ಟು ಒಬ್ಬನೇ ಹೊಡೆದಾಡಿ ಅದನ್ನು ಗೆಲ್ಲುತ್ತಾನೆ. ನಡುಗುವ ಕೈಯಲ್ಲಿ ಅದರ ವಿವರ ಓದುತ್ತಾನೆ. ಸತ್ತ ಹತ್ತು ಸೆಕೆಂಡಿನ ಒಳಗೆ ಬಳಸಬೇಕು ಅಂತ ಬರೆದಿರುತ್ತದೆ. ಸರಣಿಯ ಯಾವ ಕತ್ತಿವರಸೆಗೂ ಈ ಒಂದು ಸಾಲಿನ ಏಟು ಇಲ್ಲ.

ಇನ್ನೊಂದು, ಸೋಯಾ ಸಾಸ್ ಕಥೆ. ಜಪಾನಿನವರಿಗೆ ಅದಿಲ್ಲದ ಊಟ ಅಂದರೆ ನಮಗೆ ಉಪ್ಪು, ಹುಳಿ ಇಲ್ಲದ ಸಾರಿದ್ದ ಹಾಗೆ. ಕೋಟೆಯಲ್ಲಿ ಸೋಯಾ ಸಾಸ್ ಸಿಗುವುದಿಲ್ಲ. ನಾಯಕಿ ಅಸುನಾ ಒಂದು ವರ್ಷ ಕೂತು, ಅಲ್ಲಿ ಸಿಗುವ ನೂರರಷ್ಟು ಬಗೆಯ ಮಸಾಲೆಗಳು ನಾಲಿಗೆಗೆ ಯಾವ ರುಚಿ ಕಳಿಸುತ್ತವೆ ಅಂತ ಲೆಕ್ಕ ಹಾಕಿ, ಬೆರೆಸಿ ಬೆರೆಸಿ ಆ ರುಚಿಯನ್ನು ಹುಟ್ಟಿಸುತ್ತಾಳೆ. ಎರಡು ಹನಿ ನಾಲಿಗೆಗೆ ಬಿದ್ದ ಮೇಲೆ ಕಿರಿಟೊನ ಮುಖ ನೋಡಬೇಕು! ಮುಂದೆ ಇವರಿಬ್ಬರೂ ಮದುವೆಯಾಗಿ 22ನೇ ಅಂತಸ್ತಿನ ಕೆರೆಯ ಹತ್ತಿರ ಮರದ ಮನೆ ಮಾಡುತ್ತಾರೆ. ಅಲ್ಲಿ ನಿಶಿದಾ ಅಂತ ಒಬ್ಬ ಮುದುಕ ದಿನಾ ಗಾಳ ಹಾಕಿ ಕೂತಿರುತ್ತಾನೆ. ಈ ಗೇಮ್‌ನ ನೆಟ್‌ವರ್ಕ್ ಲೈನ್ ನೋಡಿಕೊಳ್ಳುತ್ತಿದ್ದ ನೌಕರ. ತಾನು ಹಾಕಿಸಿದ ಲೈನ್ ಹೇಗೆ ಓಡುತ್ತದೆ ಅಂತ ನೋಡಲು ಬಂದವನು ಒಳಗೇ ಸಿಕ್ಕಿಕೊಂಡಿದ್ದಾನೆ. ಮೀನು ತಿನ್ನುವಾಗ ಅಸುನಾ ಸೋಯಾ ಸಾಸ್ ತಂದಿಡುತ್ತಾಳೆ. ಆ ಮುದುಕನ ಸಂತೋಷ ಇದೆಯಲ್ಲ, ಅದು ನೂರನೇ ಅಂತಸ್ತು ಗೆದ್ದವರಿಗೂ ಸಿಗಲಿಕ್ಕಿಲ್ಲ. ಆಮೇಲೆ ಊರೆಲ್ಲ ಸೇರಿ ಒಂದು ಭಾರಿ ಮೀನನ್ನು ಎಳೆಯುತ್ತಾರೆ. ಅದು ಕಾಲು ಮೂಡಿದ ಹಾಗೆ ದಡಕ್ಕೆ ನಡೆದುಕೊಂಡೇ ಬಂದು ಎಲ್ಲರನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ಕಥೆಗೆ ಏನೂ ಬೇಕಿಲ್ಲದ ದೃಶ್ಯ. ನನಗೆ ಅದೇ ಬೇಕಿತ್ತು.

ಕೊಲೆಯ ಕಥೆಯೂ ಒಂದಿದೆ, ಐದು ಮತ್ತು ಆರನೇ ಕಂತು. ಗ್ರಿಮ್‌ಲಾಕ್ ಎಂಬವನು ಹೆಂಡತಿಯನ್ನೇ ಕೊಲ್ಲಿಸಿರುತ್ತಾನೆ. ಹೊರಗಿನ ಲೋಕದಲ್ಲಿ ಎದುರು ಮಾತಾಡದವಳು, ಗೇಮ್‌ಗೆ ಬಂದ ಮೇಲೆ ಧೈರ್ಯಸ್ಥೆಯಾಗಿ ಗಿಲ್ಡಿನ ನಾಯಕಿಯಾದಳು. ಇವನು ಹೆದರಿ ಹಿಂದೆ ಉಳಿದ. ನನ್ನ ಹಳೆಯ ಹೆಂಡತಿ ಹೋದಳು, ಅದಕ್ಕೇ ಕೊಂದೆ ಅನ್ನುತ್ತಾನೆ. ಇದಕ್ಕೆ ಈ ಹೆಲ್ಮೆಟ್ ಏನೂ ಬೇಕಾಗಿಲ್ಲ. ಹೆಂಡತಿ ಕೆಲಸಕ್ಕೆ ಹೊರಟ ಕೂಡಲೇ ಇದೇ ಮಾತು ಆಡುವ ಗಂಡಸರು ಎಷ್ಟಿಲ್ಲ?

ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ಈಗ ಒಂದು ನಿಮಿಷ ರೇಡಿಯೋ ಸದ್ದು ಕಡಿಮೆ ಮಾಡಿ. 75ನೇ ಅಂತಸ್ತಿನಲ್ಲಿ, ತಮ್ಮ ಜೊತೆಗೇ ಇದ್ದ ದೊಡ್ಡ ಗಿಲ್ಡಿನ ನಾಯಕನೇ ಕಯಾಬಾ ಎಂದು ಕಿರಿಟೊ ಪತ್ತೆ ಮಾಡುತ್ತಾನೆ. ಇಬ್ಬರಿಗೂ ಕಾಳಗ. ಮೈ ಮರಗಟ್ಟಿ ಬಿದ್ದಿದ್ದ ಅಸುನಾ ಹೇಗೋ ಎದ್ದು ಅಡ್ಡ ಬರುತ್ತಾಳೆ. ಕಿರಿಟೊನ ಪ್ರಾಣದ ಪಟ್ಟಿ ಸೊನ್ನೆಗೆ ಇಳಿದ ಮೇಲೂ ಅವನು ಕತ್ತಿ ಚುಚ್ಚಿ ಗೆಲ್ಲುತ್ತಾನೆ, ಗೇಮ್ ಅಲ್ಲಿಗೇ ಮುಗಿಯುತ್ತದೆ. ಸೊನ್ನೆ ಅಂದರೆ ಸಾವು ಅಂತ ಇಷ್ಟು ಕಂತು ನಮ್ಮನ್ನು ಹೆದರಿಸಿದವರೇ ಇವರು. ಸಾಚಿಗೆ ಇಲ್ಲದ ರಿಯಾಯಿತಿ ಇವನಿಗೆ ಯಾಕೆ? ಪ್ರೀತಿಯ ಬಲ ಅಂತ ಉತ್ತರ ಬರುತ್ತದೆ. ನನಗೆ ಸಾಲುವುದಿಲ್ಲ.

ಉಳಿದ ಹನ್ನೊಂದು ಕಂತು ಇನ್ನೊಂದು ಗೇಮ್‌ನಲ್ಲಿ, ಆಲ್ಫ್‌ಹೈಮ್‌ನಲ್ಲಿ ನಡೆಯುತ್ತವೆ. ರೆಕ್ಕೆ ಇರುವ ಯಕ್ಷರ ಲೋಕ, ಹಾರುವ ದೃಶ್ಯಗಳು ಚಂದ. ಆದರೆ ಮುಂಚೂಣಿಯಲ್ಲಿ ನಿಂತು ಕಾದಾಡಿದ್ದ ಅಸುನಾಳನ್ನು ತಂದು ಮರದ ತುದಿಯ ಪಂಜರದಲ್ಲಿ ಕೂರಿಸುತ್ತಾರೆ. ಖಳನಾಯಕ ಅವಳ ಮೇಲೆ ಕೈಮಾಡುವ ದೃಶ್ಯವನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ತೋರಿಸುತ್ತಾರೆ. ನೋಡಲು ಕಿರಿಕಿರಿ. ಇದರ ಮೇಲೆ, ಕಿರಿಟೊನ ಜೊತೆ ತಂಗಿಯಾಗಿ ಬೆಳೆದ ಸುಗುಹಾಗೆ ಅವನ ಮೇಲೆ ಪ್ರೀತಿ. ಸ್ವಂತ ತಂಗಿ ಅಲ್ಲ, ಅವನ ತಾಯಿಯ ತಂಗಿಯ ಮಗಳು ಎಂದು ಕಥೆ ಸಮಾಧಾನ ಹೇಳುತ್ತದೆ. ನಮ್ಮ ಕಡೆ ಚಿಕ್ಕಮ್ಮನ ಮಗಳು ತಂಗಿಯೇ ತಾನೆ? ಅತ್ತೆ ಮಗಳು ಅಂದಿದ್ದರೆ ನಮ್ಮ ಅಜ್ಜಿಯರೂ ಒಪ್ಪುತ್ತಿದ್ದರೇನೋ!

ಗೇಮ್ ಒಳಗೆ ಸಿಕ್ಕಿಕೊಳ್ಳುವ ಕಥೆ ಇವರದೇ ಮೊದಲಲ್ಲ. 2002ರಲ್ಲೇ ಡಾಟ್ ಹ್ಯಾಕ್ ಸೈನ್ ಸರಣಿ ಬಂದಿತ್ತು, ಅದಕ್ಕೂ ಸಂಗೀತ ಕಜಿಉರಾ ಅವರದೇ. ಈ ಸರಣಿ ಟೀವಿಯಲ್ಲಿ ಓಡುತ್ತಿದ್ದ 2012ರ ಆಗಸ್ಟ್‌ನಲ್ಲಿ, ಅಮೆರಿಕದ ಪಾಮರ್ ಲಕ್ಕಿ ಆಕ್ಯುಲಸ್ ರಿಫ್ಟ್ ಎಂಬ, ಕಣ್ಣಿಗೆ ಕಟ್ಟಿಕೊಂಡು ಗೇಮ್ ಒಳಗೇ ಇದ್ದ ಹಾಗೆ ಆಡುವ ಹೆಡ್‌ಸೆಟ್‌ಗೆ ಜನರಿಂದ ಹಣ ಕೂಡಿಸುತ್ತಿದ್ದರು. 2022ರ ನವೆಂಬರ್ 6ರಂದು, ಅಂದರೆ ಕಥೆಯ ದಿನವೇ, ಗೇಮ್‌ನಲ್ಲಿ ಸತ್ತರೆ ಹಾಕಿಕೊಂಡವನನ್ನೂ ಕೊಲ್ಲುವ ಹೆಡ್‌ಸೆಟ್ ಮಾಡಿದ್ದೇನೆ ಎಂದು ಅದೇ ಲಕ್ಕಿ ಬರೆದುಕೊಂಡರು. ಆಗ ಅದು ಆಫೀಸಿನಲ್ಲಿ ಸುಮ್ನೆ ನೋಡಲು ಇಟ್ಟದ್ದಾಗಿತ್ತಂತೆ. ಇಷ್ಟು ದೊಡ್ಡ ಕಥೆಯಲ್ಲಿ ಅವರಿಗೆ ಹಿಡಿಸಿದ್ದು ಹೆಲ್ಮೆಟ್, ನೋಡಿ!

2014ರಲ್ಲಿ ಬಂದ ಎರಡನೇ ಸೀಸನ್‌ನ ಕೊನೆಯ ಏಳು ಕಂತು, 18ರಿಂದ 24, ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟ. ಯೂಕಿ ಎಂಬ ಹುಡುಗಿ ಗೇಮ್‌ನಲ್ಲಿ ಎಲ್ಲರನ್ನೂ ಸೋಲಿಸುವ ಕತ್ತಿಗಾರ್ತಿ. ಹೊರಗೆ ಆಸ್ಪತ್ರೆಯಲ್ಲಿ ಯಂತ್ರದೊಳಗೆ ಮಲಗಿರುವ ರೋಗಿ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಕೊಟ್ಟ ರಕ್ತದಿಂದ ಇಡೀ ಮನೆಗೇ ಎಚ್‌ಐವಿ ತಗುಲಿದೆ. ಅಸುನಾ ತನ್ನ ಭುಜದ ಮೇಲೆ ಪುಟ್ಟ ಕ್ಯಾಮೆರಾ ಇಟ್ಟುಕೊಂಡು ಅವಳನ್ನು ಶಾಲೆಗೆ ಕರೆದೊಯ್ಯುತ್ತಾಳೆ. ಮೇಷ್ಟ್ರು ಅವಳಿಗೂ ಪಾಠ ಓದಲು ಹೇಳುತ್ತಾರೆ. ಅವಳು ಎದ್ದು ನಿಲ್ಲಲಾರಳು, ಆದರೂ ದನಿ ಮಾತ್ರ ಎದ್ದು ನಿಂತ ಹಾಗೆ ಗಟ್ಟಿಯಾಗಿ ಬರುತ್ತದೆ. ಅದೇ ಕಥೆಯಲ್ಲಿ ಅಸುನಾ, ಗೇಮ್ ಅಂದರೆ ಆಗದ ತನ್ನ ಅಮ್ಮನನ್ನೂ ಒಮ್ಮೆ ಒಳಗೆ ಕರೆತರುತ್ತಾಳೆ. ಹಿಮ ಬಿದ್ದ ಕಾಡಿನ ಮನೆ ನೋಡಿ ಅಮ್ಮನಿಗೆ ತನ್ನ ತವರು ನೆನಪಾಗಿ ಕಣ್ಣೀರು ಇಳಿಯುತ್ತದೆ. ತಡೆಯಲು ನೋಡುತ್ತಾಳೆ, ಆಗುವುದಿಲ್ಲ. ಇಲ್ಲಿ ಕಣ್ಣೀರು ಬಚ್ಚಿಡೋಕೆ ಆಗಲ್ಲ ಅಮ್ಮಾ ಅಂತ ಮಗಳು ಹೇಳುತ್ತಾಳೆ. ಇಲ್ಲಿ ಯಾರೂ ಯಾವ ಅಂತಸ್ತಿಗೂ ಓಡಬೇಕಾಗಿಲ್ಲ. ಅವಸರ ಬಿಟ್ಟಾಗ ಈ ಸರಣಿ ಎಷ್ಟು ಚೆನ್ನಾಗಿ ಕಥೆ ಹೇಳಬಲ್ಲದು ಅನ್ನುವುದು ಆಗ ಗೊತ್ತಾಗುತ್ತದೆ.

ಹೊಸದಾಗಿ ನೋಡುವವರು ಮೊದಲ ಸೀಸನ್‌ನ 14 ಕಂತು ನೋಡಿ. ಆಲ್ಫ್‌ಹೈಮ್ ಭಾಗದ ಕಥೆ ಯಾರನ್ನಾದರೂ ಕೇಳಿ ತಿಳಿದುಕೊಂಡರೂ ನಡೆಯುತ್ತದೆ. ಆಮೇಲೆ ಎರಡನೇ ಸೀಸನ್‌ನ 18ನೇ ಕಂತಿಗೆ ಹೋಗಿ. ಇಲ್ಲ, ಎಲ್ಲವನ್ನೂ ನೋಡಲೇಬೇಕು ಅನ್ನುವ ಹಟ ಇದ್ದರೆ, ಮೊದಲ ಸೀಸನ್‌ನ 24ನೇ ಕಂತನ್ನು ಮಾತ್ರ ಮಕ್ಕಳ ಜೊತೆ ಕೂತು ನೋಡಬೇಡಿ.

ನಮಸ್ಕಾರ.