ಫ್ರಿಡ್ಜಿನ ದೀಪ ಹತ್ತಿತಾ?

ಕೇಳುಗರಿಗೆ ನಮಸ್ಕಾರ.

ನಾನು ರಾಯಚೂರಿನಲ್ಲಿ ಏಸಿ, ಫ್ರಿಡ್ಜ್ ರಿಪೇರಿ ಮಾಡುವವನು. ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಬಿಸಿಲು 40 ಡಿಗ್ರಿ ದಾಟಿದ ದಿನ ಯಾರ ಫೋನ್ ಎತ್ತಿದರೂ ಒಂದೇ ಮಾತು. "ಅಣ್ಣಾರೆ, ನಮ್ಮ ಏಸಿ ಬಂದ್ ಬಿದ್ದದ, ಜಲ್ದಿ ಬರ್ರಿ." ಹೋಗಿ ನೋಡಿದರೆ ಎಷ್ಟೋ ಸಲ ಏಸಿಗೆ ಏನೂ ಆಗಿರುವುದಿಲ್ಲ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಸ್ಟೇಷನ್ ರಸ್ತೆ ಕಡೆಯ ಒಂದು ಮನೆ. ಅಜ್ಜಿ ಮಂಚದ ಮೇಲೆ ಮಲಗಿದ್ದರು. ಸೊಸೆ ರಿಮೋಟ್ ಒತ್ತಿ ಒತ್ತಿ ಸುಸ್ತಾಗಿದ್ದರು. ಮೇಲೆ ಫ್ಯಾನ್ ತಿರುಗುತ್ತಿತ್ತು, ಲೈಟ್ ಉರಿಯುತ್ತಿತ್ತು. ನಾನಿನ್ನೂ ಟೂಲ್ ಚೀಲ ಬಿಚ್ಚಿರಲಿಲ್ಲ. ಬಿಸಿಲಲ್ಲಿ ಬಂದೀರಿ, ಮೊದಲು ನೀರು ಕುಡೀರಿ ಅಂತ ಆ ಅಕ್ಕ ಫ್ರಿಡ್ಜ್ ತೆಗೆದರು. ಒಳಗೆ ದೀಪ ಹತ್ತಲಿಲ್ಲ. ನನಗೆ ನಗು ಬಂತು. ಮನೆಗೆ ಕರೆಂಟೇ ಇರಲಿಲ್ಲ! ಫ್ಯಾನು, ಲೈಟು ನಡೆಯುತ್ತಿದ್ದದ್ದು ಬ್ಯಾಟರಿ ಇನ್ವರ್ಟರ್ ಮೇಲೆ. ಫ್ರಿಡ್ಜು, ಏಸಿ ಅದಕ್ಕೆ ಜೋಡಿಸಿರಲಿಲ್ಲ. ಅದು ಸದ್ದಿಲ್ಲದೆ ಶುರುವಾಗುತ್ತೆ. ಹಗಲಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

"ನಮ್ಮದು ಇನ್ವರ್ಟರ್ ಏಸಿ ಅಲ್ರೀ, ಕರೆಂಟ್ ಹೋದರೂ ನಡೀಬೇಕಲ್ಲ?" ಅಂದರು ಆ ಅಕ್ಕ. ಹೆಸರು ಇಟ್ಟವರು ಜನರನ್ನು ದಾರಿ ತಪ್ಪಿಸಿದ್ದಾರೆ ಬಿಡಿ. ಇನ್ವರ್ಟರ್ ಏಸಿ ಅಂದರೆ ಅದರ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ತಳ್ಳುವ ಯಂತ್ರ, ತನ್ನ ವೇಗವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ, ಅಷ್ಟೇ. ಬ್ಯಾಟರಿಗೂ ಅದಕ್ಕೂ ಸಂಬಂಧ ಇಲ್ಲ.

ಆದ್ದರಿಂದ ಏಸಿ ಶುರುವಾಗಲಿಲ್ಲ ಅಂದರೆ ಮೊದಲು ಫ್ರಿಡ್ಜ್ ಬಾಗಿಲು ತೆಗೆದು ನೋಡಿ. ಮೂರು ಫೇಸ್, ಅಂದರೆ ಮೂರು ಬೇರೆ ಬೇರೆ ತಂತಿಯಲ್ಲಿ ಕರೆಂಟ್ ಬರುವ ಮನೆಯಲ್ಲಿ ಇನ್ನೊಂದು ತಮಾಷೆ. ಒಂದು ಫೇಸ್ ಹೋದರೆ ಪಡಸಾಲೆಯಲ್ಲಿ ಎಲ್ಲ ನಡೆಯುತ್ತೆ, ಮಲಗುವ ಕೋಣೆಯ ಏಸಿ ಮಾತ್ರ ಮಿಸುಕುವುದಿಲ್ಲ.

ಕರೆಂಟ್ ಇದೆಯಾ? ಹಾಗಿದ್ದರೆ ಎಂಸಿಬಿ ನೋಡಿ, ಅಂದರೆ ಕರೆಂಟ್ ಹೆಚ್ಚಾದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್. ಟ್ರಿಪ್ ಆದ ಎಂಸಿಬಿಯ ಕಡ್ಡಿ ಕೆಲವೊಮ್ಮೆ ಅರ್ಧಕ್ಕೆ ನಿಂತಿರುತ್ತೆ. ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಿ. ಒಂದೇ ಸಲ. ಮತ್ತೆ ಬಿದ್ದರೆ ಬಿಟ್ಟುಬಿಡಿ. ಎಂಸಿಬಿ ಬೀಳುವುದಕ್ಕೆ ಕಾರಣ ಇರುತ್ತೆ. ಕೆಲವರು ಅದಕ್ಕೆ ಕೋಲು ಕೊಟ್ಟು ಎತ್ತಿ ನಿಲ್ಲಿಸಿದ್ದನ್ನು ನೋಡಿದ್ದೇನೆ. ನೋಡಿ ನನ್ನ ಎದೆ ಝಲ್ ಅಂದಿದೆ.

ಮುಂದೆ ಪ್ಲಗ್ ಪಾಯಿಂಟ್. ಒಂದೂವರೆ ಟನ್ನಿನ ಏಸಿ ಏಳೆಂಟು ಆಂಪಿಯರ್ ಕರೆಂಟ್ ಎಳೆಯುತ್ತೆ, ಅದೂ ಗಂಟೆಗಟ್ಟಲೆ. ಪಿನ್ ಸಡಿಲ ಇದ್ದರೆ ಅಲ್ಲೇ ಕಾದು ಸುಡುತ್ತೆ. ಸ್ವಿಚ್ ಬೋರ್ಡ್ ಹಳದಿ ಬಣ್ಣಕ್ಕೆ ತಿರುಗಿದೆಯಾ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇದೆಯಾ ನೋಡಿ. ಇದ್ದರೆ ಪ್ಲಗ್ಗಿಗೆ ಕೈ ಹಚ್ಚಬೇಡಿ. ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಈಗ ರಿಮೋಟ್. ಸೆಲ್ ಹೊಸದು ಅಂತ ಎಲ್ಲರೂ ಹೇಳ್ತಾರೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆಗೆಯಿರಿ. ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನೇರಳೆ ಚುಕ್ಕಿಯ ಹಾಗೆ ಮಿಣಿಮಿಣಿ ಅನ್ನುತ್ತೆ. ಅನ್ನಲಿಲ್ಲ ಅಂದರೆ ಸೆಲ್ ಬದಲಿಸಿ. ಆಗಲೂ ಅನ್ನದಿದ್ದರೆ ರಿಮೋಟೇ ಹೋಗಿದೆ. ಅಷ್ಟಕ್ಕೆ ಏಸಿ ನಿಲ್ಲಬೇಕಿಲ್ಲ. ಒಳಗಿನ ಯೂನಿಟ್ಟಿನ ಮುಂದಿನ ಮುಚ್ಚಳ ಎತ್ತಿದರೆ ಬಹಳಷ್ಟು ಮಾದರಿಗಳಲ್ಲಿ ಒಂದು ಸಣ್ಣ ಗುಂಡಿ ಸಿಗುತ್ತೆ. ಒತ್ತಿದರೆ ರಿಮೋಟ್ ಇಲ್ಲದೆಯೇ ನಡೆಯುತ್ತೆ. ಮಕ್ಕಳು ರಿಮೋಟ್ ಹಿಡಿದು ಟೈಮರ್ ಹಾಕಿರುವುದು, ಕೂಲ್ ಇರಬೇಕಾದ ಕಡೆ ಫ್ಯಾನ್ ಮೋಡ್ ಇಟ್ಟಿರುವುದು, ಇವೂ ಸುಮ್ನೆ ನನ್ನನ್ನು ಓಡಾಡಿಸಿವೆ.

ಆ ಅಜ್ಜಿಯ ಮನೆಗೆ ವಾಪಸ್ ಹೋಗೋಣ. ನಾನು ನೀರು ಕುಡಿಯುವಷ್ಟರಲ್ಲಿ ಕರೆಂಟ್ ಬಂತು. ಆ ಅಕ್ಕ ತಟ್ಟನೆ ರಿಮೋಟ್ ಒತ್ತಿದರು. ಗಾಳಿ ಬಂತು, ತಂಪು ಬರಲಿಲ್ಲ. ಮತ್ತೆ ಆಫ್, ಮತ್ತೆ ಆನ್. "ಅಕ್ಕಾರೆ, ರಿಮೋಟ್ ಕೆಳಗಿಡ್ರಿ, ಮೂರು ನಿಮಿಷ ತಾಳ್ರಿ" ಅಂದೆ. ಏರಿನಲ್ಲಿ ನಿಂತ ತುಂಬಿದ ಬಂಡಿಯನ್ನು ಒಮ್ಮೆಲೇ ಎಳಿ ಅಂದರೆ ಎತ್ತು ಮುಗ್ಗರಿಸುತ್ತೆ ಅಲ್ವಾ? ಕಂಪ್ರೆಸರ್ ಕಥೆಯೂ ಹಾಗೇ. ನಿಂತ ಕೂಡಲೇ ಒಳಗೆ ಒಂದು ಕಡೆ ಗ್ಯಾಸಿನ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಎರಡೂ ಸಮ ಆಗುವ ತನಕ ಯಂತ್ರ ತಾನಾಗಿಯೇ ಕಾಯುತ್ತೆ. ವೋಲ್ಟೇಜ್ ಹದದಲ್ಲಿಡುವ ಸ್ಟೆಬಿಲೈಸರ್ ಪೆಟ್ಟಿಗೆ ಕೂಡ ಹೀಗೆ ಕಾಯಿಸುತ್ತೆ. ನೀವು ಆಫ್ ಆನ್ ಮಾಡಿದಾಗ ಲೆಕ್ಕ ಮೊದಲಿನಿಂದ ಶುರುವಾಗಬಹುದು. ಸ್ವಲ್ಪ ಹೊತ್ತಿಗೆ ಹೊರಗೆ ಟಕ್ ಅಂತ ಸದ್ದಾಯಿತು, ಯಂತ್ರ ಹೊರಟಿತು. "ಏನು ರಿಪೇರಿ ಮಾಡಿದ್ಯಪ್ಪಾ?" ಅಂದರು ಅಜ್ಜಿ. "ನೀರು ಕುಡಿದೆ ಅವ್ವಾ" ಅಂದೆ.

ಸಂಜೆ ಏಳರ ಮೇಲೆ ಬರುವ ಫೋನ್ ಬೇರೆ ಥರ. ಓಣಿಯ ಕೂಲರು, ಏಸಿ ಎಲ್ಲ ಒಟ್ಟಿಗೆ ನಡೆದಾಗ 230 ಇರಬೇಕಾದ ವೋಲ್ಟೇಜ್ ಬಿದ್ದುಹೋಗುತ್ತೆ. ಆಗ ಸ್ಟೆಬಿಲೈಸರ್ ಏಸಿಗೆ ಕರೆಂಟ್ ಬಿಡುವುದಿಲ್ಲ. ಅದನ್ನು ತಪ್ಪಿಸಿ ನೇರ ಜೋಡಿಸಿಕೊಡು ಅಂತ ಕೇಳುವವರಿದ್ದಾರೆ. ನಾನು ಮಾಡುವುದಿಲ್ಲ. ಕಂಪ್ರೆಸರ್ ಸುಟ್ಟರೆ ಹೊಸ ಏಸಿಯ ಅರ್ಧ ದುಡ್ಡು ಅಲ್ಲೇ ಹೋಗುತ್ತೆ.

ಹೊರಗಿನ ಯೂನಿಟ್ ಹತ್ತಿರ ಹೋದಾಗ ಕಣ್ಣು, ಕಿವಿ ಬಳಸಿ, ಕೈ ಬೇಡ. ನಮ್ಮೂರಲ್ಲಿ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಹತ್ತಿರದ ಮನೆಗಳಲ್ಲಿ ತೌಡಿನ ಧೂಳು, ಹತ್ತಿ ಎಳೆ ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತೆ. ಗುಂಯ್ ಅನ್ನುವ ಸದ್ದಿದೆ, ಫ್ಯಾನ್ ತಿರುಗುತ್ತಿಲ್ಲ ಅಂದರೆ ಹೆಚ್ಚಾಗಿ ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ಹೋಗಿರುತ್ತೆ. ಅಗ್ಗದ ಸಾಮಾನು, ಆದರೆ ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತೆ. ಯೂಟ್ಯೂಬ್ ನೋಡಿ ಬಿಚ್ಚಲು ಹೋಗಬೇಡಿ. ಒಮ್ಮೆ ಹೊರಗಿನ ಬೋರ್ಡಿನ ಮೇಲೆ ಹಲ್ಲಿ ಸುಟ್ಟು ಅಂಟಿಕೊಂಡಿದ್ದೂ ನೋಡಿದ್ದೇನೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ನಡೀತಿಲ್ಲ" ಅಂತಷ್ಟೇ ಹೇಳಬೇಡಿ. ಯಾವ ದೀಪ ಎಷ್ಟು ಸಲ ಮಿಟುಕುತ್ತಿದೆ, ಪರದೆಯ ಮೇಲೆ ಯಾವ ಅಕ್ಷರ, ಯಾವ ಅಂಕಿ ಬಂದಿದೆ, ಅದನ್ನು ಹೇಳಿ. ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ಬೇಕಾದ ಸಾಮಾನು ತಗೊಂಡೇ ಬರ್ತೀವಿ.

ಮೇ ತಿಂಗಳಲ್ಲಿ ನಿಮ್ಮ ಸರದಿ ಬರಲು ಎರಡು ದಿನ ಆಗಬಹುದು. ಅಲ್ಲಿ ತನಕ ಗಾಳಿ ಬರುವ ಕಿಟಕಿಗೆ ಒದ್ದೆ ಚಾದರ ಕಟ್ಟಿ. ನಮ್ಮ ಒಣ ಬಿಸಿಲಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ. ಊರಿನ ಏಸಿ ರಿಪೇರಿ ಮಾಡುವವನ ಮನೆಯಲ್ಲಿ ಏಸಿ ಇಲ್ಲ ಅಂತ ಹೆಂಡತಿ ಬೈಯುತ್ತಿರುತ್ತಾಳೆ. ಈ ಮಾತು ಅವಳೂ ಕೇಳುತ್ತಿದ್ದಾಳೆ, ಇಲ್ಲಿಗೇ ನಿಲ್ಲಿಸುತ್ತೇನೆ. ನಮಸ್ಕಾರ.