ತಪ್ಪು ಬ್ಯಾಂಕಿನದು, ಓಡಾಟ ನಮ್ಮದು

ನಮಸ್ಕಾರ. ಇವತ್ತು ಮೂರು ಮೊತ್ತಗಳಿಂದ ಶುರು ಮಾಡುತ್ತೇನೆ. 5,000, 500, 100.

ಮನೆ ಸಾಲ ಪೂರ್ತಿ ತೀರಿಸಿದ ಮೇಲೆ ಬ್ಯಾಂಕು 30 ದಿನದೊಳಗೆ ಆಸ್ತಿ ಪತ್ರ ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಬಾಕಿ ಏನೂ ಇಲ್ಲದ ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿ ಅಂದರೆ ಬ್ಯಾಂಕಿಗೆ 7 ಕೆಲಸದ ದಿನ ಟೈಮು. ಮೀರಿದರೆ ದಿನಕ್ಕೆ 500. ಇನ್ನು ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನೀವು ಸಾಲ ಹೇಗೆ ತೀರಿಸಿದ್ದೀರಿ ಅನ್ನುವ ದಾಖಲೆಯಲ್ಲಿ, ತಪ್ಪಿದೆ, ನೀವು ದೂರು ಕೊಟ್ಟಿದ್ದೀರಿ, 30 ದಿನ ಕಳೆದರೂ ಯಾರೂ ಸರಿಮಾಡಿಲ್ಲ. ಆಗ? ದಿನಕ್ಕೆ 100 ರೂಪಾಯಿ.

ಮೂರೂ ಆರ್‌ಬಿಐ ನಿಯಮಗಳೇ. ನನ್ನ ತಕರಾರು ಆ ಮೂರನೆಯದರ ಬಗ್ಗೆ.

ಆಸ್ತಿ ಪತ್ರ ಸಿಕ್ಕಿಹಾಕಿಕೊಂಡರೆ ಒಂದು ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ರಿಪೋರ್ಟಿನ ತಪ್ಪು ಹಾಗಲ್ಲ. ನೀವು ಸಾಲ ಕೇಳಲು ಎಲ್ಲಿಗೆ ಹೋದರೂ ಅದು ನಿಮಗಿಂತ ಮೊದಲೇ ಅಲ್ಲಿ ಕೂತಿರುತ್ತದೆ. 50 ಲಕ್ಷದ ಮನೆ ಸಾಲ, 20 ವರ್ಷ ಅಂದುಕೊಳ್ಳಿ. ಆ ರಿಪೋರ್ಟ್ ನೋಡಿ ಹಾಕುವ ಅಂಕ, ಅಂದರೆ ಸ್ಕೋರ್, ಕಮ್ಮಿ ಅಂತ ಶೇಕಡಾ 8.5ರ ಬದಲು 9 ಬಡ್ಡಿ ಹಾಕಿದರೆ ಇಎಂಐ ತಿಂಗಳಿಗೆ ಸುಮಾರು 1,600 ರೂಪಾಯಿ ಜಾಸ್ತಿ. ಕೊನೆಗೆ ಲೆಕ್ಕ ಹಾಕಿದರೆ 3.8 ಲಕ್ಷ ದಾಟುತ್ತದೆ. ಇದಕ್ಕೆ ದಿನಕ್ಕೆ ನೂರು ರೂಪಾಯಿ!

ತಪ್ಪು ಎಷ್ಟು ಸಣ್ಣದಿರಬಹುದು ನೋಡಿ. ರಿಪೋರ್ಟ್ ತೆಗೆದರೆ ಒಂದೊಂದು ಸಾಲದ ಕೆಳಗೂ ಪುಟ್ಟ ಪುಟ್ಟ ಚೌಕಗಳ ಸಾಲು ಇರುತ್ತದೆ. ತಿಂಗಳಿಗೊಂದು ಚೌಕ, ಮೂರು ವರ್ಷದವರೆಗಿನದು. 000 ಅಂತಿದ್ದರೆ ಆ ತಿಂಗಳು ಬಾಕಿ ಇಲ್ಲ. 030 ಅಂತಿದ್ದರೆ 30 ದಿನ ತಡ. ಈಗ ಒಂದು ಹಳೇ ಕಾರ್ಡ್. ನೀವು ಕ್ಲೋಸ್ ಮಾಡಿ ಆಯಿತು ಅಂದುಕೊಂಡಿದ್ದೀರಿ. ಬ್ಯಾಂಕಿನ ಸಿಸ್ಟಮ್ಮು ಆಮೇಲೆ 500 ರೂಪಾಯಿ ವಾರ್ಷಿಕ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಒಟ್ಟು 590 ಹಾಕಿತು. ಬಿಲ್ಲು ನಿಮ್ಮ ಹಳೇ ವಿಳಾಸಕ್ಕೆ ಹೋಯಿತು. ಚೌಕದಲ್ಲಿ 030 ಬಂತು, ಆಮೇಲೆ 060, ಆಮೇಲೆ 090. ಹತ್ತು ವರ್ಷ ಒಂದು ಕಂತೂ ತಪ್ಪಿಸದವರು 590 ರೂಪಾಯಿಗೆ ಸುಸ್ತಿದಾರರಾದರು.

ಇದಾದರೂ ನಿಮ್ಮದೇ ಕಾರ್ಡು. ಪ್ಯಾನ್ ನಂಬರಿನಲ್ಲಿ ಒಂದಕ್ಷರ ಆಚೀಚೆಯಾಗಿ ಬೇರೆ ಯಾರದೋ ಸಾಲ ನಿಮ್ಮ ಹೆಸರಿಗೆ ಬಂದು ಕೂರುವುದೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸರಿ, ದೂರು ಕೊಡೋಣ. ಯಾರಿಗೆ? ದೇಶದಲ್ಲಿ ಈ ರಿಪೋರ್ಟ್ ತಯಾರಿಸುವ ಕಂಪನಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದು ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು. ಅವರ ವೆಬ್‌ಸೈಟಿನಲ್ಲೇ ದೂರು ಹಾಕಬಹುದು, ಅದಕ್ಕೂ ದುಡ್ಡಿಲ್ಲ. ಹಾಕಿದ ಮೇಲೆ ಏನಾಗುತ್ತದೆ ಗೊತ್ತಾ? ಕಂಪನಿ ಅದನ್ನು ತಪ್ಪು ಬರೆದ ಬ್ಯಾಂಕಿಗೇ ಕಳಿಸುತ್ತದೆ. ಆ ಬ್ಯಾಂಕು ಹೌದು ಅನ್ನದೆ ಕಂಪನಿ ಒಂದಕ್ಷರವನ್ನೂ ಬದಲಾಯಿಸುವಂತಿಲ್ಲ. ಅಂದರೆ ಆರೋಪಿಯೂ ಅವರೇ, ತೀರ್ಪು ಕೊಡುವವರೂ ಅವರೇ.

ಅಮೆರಿಕದ ಕಾನೂನು ಈ ಒಂದು ವಿಷಯದಲ್ಲಿ ನಮಗಿಂತ ನೆಟ್ಟಗಿದೆ. ಗ್ರಾಹಕ ಪ್ರಶ್ನೆ ಮಾಡಿದ ವಿವರವನ್ನು ಸಾಮಾನ್ಯವಾಗಿ 30 ದಿನದೊಳಗೆ ಖಚಿತಪಡಿಸಲು ಆಗದಿದ್ದರೆ ಅದನ್ನು ಅಳಿಸಬೇಕು. ನಮ್ಮಲ್ಲಿ ಬ್ಯಾಂಕು ಸುಮ್ನೆ ಕೂತರೆ ತಪ್ಪೂ ಸುಮ್ನೆ ಕೂತಿರುತ್ತದೆ.

ಹಾಗಂತ ಆರ್‌ಬಿಐ ಏನೂ ಮಾಡಿಲ್ಲ ಅನ್ನುವುದು ತಪ್ಪಾಗುತ್ತದೆ. ಈ ನೂರು ರೂಪಾಯಿ ನಿಯಮವೇ 2024ರ ಏಪ್ರಿಲ್ 26ರಿಂದ ಬಂದದ್ದು, ಅದಕ್ಕೂ ಮೊದಲು ಅದೂ ಇರಲಿಲ್ಲ. ಬ್ಯಾಂಕು 21 ದಿನದಲ್ಲಿ ಸರಿಯಾದ ಮಾಹಿತಿ ಕಳಿಸದಿದ್ದರೆ ದಂಡ ಬ್ಯಾಂಕಿನ ತಲೆಗೆ. ಬ್ಯಾಂಕು ಕಳಿಸಿಯೂ ಕಂಪನಿ 30 ದಿನದೊಳಗೆ ಮುಗಿಸದಿದ್ದರೆ ಕಂಪನಿಯ ತಲೆಗೆ. ದೂರು ತಿರಸ್ಕರಿಸಿದರೆ ಕಾರಣ ಹೇಳಬೇಕು. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ 'ಮುಂದಿನ ತಿಂಗಳು ಅಪ್‌ಡೇಟ್ ಆಗುತ್ತೆ ಸಾರ್' ಅನ್ನುವ ಹಳೇ ಮಾತು ಇನ್ನು ನಡೆಯುವುದಿಲ್ಲ.

ಆದ್ದರಿಂದ ದೂರನ್ನು ಇಬ್ಬರಿಗೂ ಕೊಡಿ, ಕಂಪನಿಗೂ, ಬ್ಯಾಂಕಿಗೂ. ಬರವಣಿಗೆಯಲ್ಲಿ ಕೊಡಿ. ಬ್ರಾಂಚಿನಲ್ಲಿ ನಿಂತು ಬಾಯಲ್ಲಿ ಹೇಳಿ ಬಂದರೆ ಯಾವ ದಿನದಿಂದ ಲೆಕ್ಕ ಹಾಕುತ್ತೀರಿ? ದೂರಿನ ನಂಬರ್ ಮತ್ತು ತಾರೀಖು ಇಟ್ಟುಕೊಳ್ಳಿ. ಪರಿಹಾರ ಜಮೆ ಆಗಬೇಕಲ್ಲ, ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರ ಕೇಳುವ ಜಾಗ ಖಾಲಿ ಬಿಡಬೇಡಿ. 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಇಂಥ ದೂರು ವಿಚಾರಿಸುವ ಅಧಿಕಾರಿಯಾದ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಬರೆಯಬಹುದು. ಅದಕ್ಕೂ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 2022ರ ಸೆಪ್ಟೆಂಬರಿನಿಂದ ಈ ನಾಲ್ಕು ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ.

ಒಂದು ಮಾತ್ರ ಹುಷಾರು. ಬೇಜಾರಾಗಿ, 'ಹಾಳಾಗಿ ಹೋಗಲಿ, ಆ 590 ಬಿಸಾಕೋಣ' ಅನಿಸುತ್ತದೆ. ಫೋನಿನಲ್ಲಿ ಬ್ಯಾಂಕಿನವರು 'ಅರ್ಧ ಕಟ್ಟಿ, ಸೆಟಲ್ ಮಾಡಿಬಿಡೋಣ' ಅಂದರೆ ಒಪ್ಪಬೇಡಿ. ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬಿದ್ದರೆ, ಸಾಲ ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವರು ಅಂತಲೇ ಮುಂದಿನ ಬ್ಯಾಂಕು ಓದುತ್ತದೆ. 'ಸ್ಕೋರ್ ರಿಪೇರಿ ಮಾಡಿಕೊಡುತ್ತೇವೆ' ಅನ್ನುವ ಏಜೆಂಟರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಕ್ಕಟೆ ಸಿಗುವ ಫಾರಂ ತುಂಬಲು ಸಾವಿರಾರು ರೂಪಾಯಿ ಯಾಕೆ, ಅಲ್ವಾ?

ನಾನು ಕೇಳುವುದು ಎರಡೇ. ನಾವು ಲಿಖಿತವಾಗಿ ಪ್ರಶ್ನೆ ಮಾಡಿದ ಮೇಲೆ ಸಾಲ ನಿಜ ಅಂತ ತೋರಿಸುವ ಹೊಣೆ ಬ್ಯಾಂಕಿನದಾಗಬೇಕು, ತೋರಿಸದಿದ್ದರೆ 31ನೇ ದಿನ ಆ ಸಾಲು ರಿಪೋರ್ಟಿನಿಂದ ಹೋಗಬೇಕು. ಎರಡನೆಯದು ಆ ನೂರು ರೂಪಾಯಿ. ಆಸ್ತಿ ಪತ್ರಕ್ಕೆ 5,000 ಅಂತ ಬರೆದ ಆರ್‌ಬಿಐಗೆ ಇಲ್ಲಿ ಕೈ ಯಾಕೆ ಹಿಡಿಯಿತು? ನಿಮ್ಮ ಪ್ರಕಾರ ಎಷ್ಟಿರಬೇಕು, ಕಾಮೆಂಟಿನಲ್ಲಿ ಬರೆಯಿರಿ. ನನ್ನ ಲೆಕ್ಕದಲ್ಲಿ ಅದೂ 5,000.