ಕಲಾ ಪದವೀಧರರ ವೈದ್ಯಕೀಯ ಅರ್ಜಿಯಲ್ಲಿ ಸಂಶೋಧನೆಯ ತೂಕ

ಕೇಳುಗರಿಗೆ ನಮಸ್ಕಾರ.

ನಮ್ಮಲ್ಲಿ ಪಿಯುಸಿಗೆ ಕಲಾ ವಿಭಾಗ ಸೇರಿದ ಹುಡುಗಿ ಡಾಕ್ಟರಾಗುತ್ತೇನೆಂದರೆ ಮನೆಯವರು ನಕ್ಕುಬಿಡುತ್ತಾರೆ. ವಿಜ್ಞಾನ ಓದದವರಿಗೆ ನೀಟ್ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ. ಅಮೆರಿಕದ ಕ್ರಮ ಬೇರೆ. ಅಲ್ಲಿ ವೈದ್ಯಕೀಯ ಓದು ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿಯ ನಂತರ ಶುರುವಾಗುತ್ತದೆ. ಆ ಪದವಿ ಇತಿಹಾಸದ್ದಾಗಿರಲಿ, ಸಂಗೀತದ್ದಾಗಿರಲಿ, ಕಾಲೇಜುಗಳು ಕೇಳುವ ಜೀವಶಾಸ್ತ್ರ, ರಸಾಯನಶಾಸ್ತ್ರ ಮುಂತಾದ ಕೋರ್ಸುಗಳನ್ನು ಮುಗಿಸಿ ಅಲ್ಲಿನ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬರೆದವರು ಅರ್ಜಿ ಹಾಕಬಹುದು.

ಅಲ್ಲೇ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು ಇತಿಹಾಸ ಓದಿ ಈ ದಾರಿ ಹಿಡಿದವಳು. ಒಂದು ರಾತ್ರಿ ಫೋನು ಮಾಡಿ, "ಮಾಮ, ಎಲ್ಲರೂ ಲ್ಯಾಬಿನಲ್ಲಿ ಕೆಲಸ ಮಾಡಿದ್ದಾರೆ, ನನ್ನ ಹತ್ತಿರ ಸಂಶೋಧನೆ ಅಂತ ಏನೂ ಇಲ್ಲ" ಎಂದಳು. ಅವಳು ಪದವಿಯ ಕೊನೆಯ ವರ್ಷ ಬರೆದ ಪ್ರಬಂಧ 1898ರ ಬೆಂಗಳೂರಿನ ಪ್ಲೇಗಿನ ಮೇಲಿತ್ತು. ಆ ಪಿಡುಗಿನ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ನಮಗೆ ಗೊತ್ತಿರುವ ಸಂಗತಿ. ಅವಳು ಅದಕ್ಕೂ ಹಿಂದೆ ಹೋಗಿ, ಅಧಿಕಾರಿಗಳ ವರದಿಗಳನ್ನು ಸಾಲು ಸಾಲಾಗಿ ಓದಿ, ಜನರು ಮನೆಯ ರೋಗಿಯನ್ನು ತಪಾಸಣೆಯವರ ಕಣ್ಣಿಗೆ ಬೀಳದಂತೆ ಏಕೆ ಬಚ್ಚಿಡುತ್ತಿದ್ದರೆಂದು ಹುಡುಕಿದ್ದಳು. ಇದು ಸಂಶೋಧನೆಯಲ್ಲದಿದ್ದರೆ ಇನ್ನಾವುದು?

ಪ್ರಶ್ನೆಯೊಂದನ್ನು ಹಿಡಿದು, ಆಧಾರ ಕೂಡಿಸಿ, ಹೊಂದದ ಆಧಾರವನ್ನೂ ಮುಚ್ಚಿಡದೆ ಎದುರಿಟ್ಟು, ತನ್ನ ಊಹೆ ತಪ್ಪಾದಾಗ ಅದನ್ನು ಒಪ್ಪಿಕೊಳ್ಳುವ ಅಭ್ಯಾಸವನ್ನೇ ವೈದ್ಯಕೀಯ ಕಾಲೇಜುಗಳು ಸಂಶೋಧನೆಯ ಹೆಸರಿನಲ್ಲಿ ಹುಡುಕುತ್ತವೆ ಎಂಬುದು ನನ್ನ ತಿಳಿವಳಿಕೆ. ಅರ್ಜಿಯಲ್ಲಿ ಅನುಭವಗಳಿಗೆಂದು ಇರುವ ಸ್ಥಾನಗಳು 15; ಒಂದೊಂದನ್ನೂ 700 ಅಕ್ಷರಗಳೊಳಗೆ ವಿವರಿಸಬೇಕು. ಒಂದು ಬೇಸಿಗೆಯಲ್ಲಿ ಅರೆಮನಸ್ಸಿನಿಂದ ಪರೀಕ್ಷಾನಳಿಕೆ ತೊಳೆದವರಿಗೆ ಆ 700 ಅಕ್ಷರ ತುಂಬಿಸುವುದೇ ಕಷ್ಟ, ಸಂದರ್ಶನದಲ್ಲಿ "ನೀವು ಕೇಳಿಕೊಂಡ ಪ್ರಶ್ನೆ ಯಾವುದು" ಎಂದರಂತೂ ಬಾಯಿ ಕಟ್ಟುತ್ತದೆ.

ಹಾಗೆಂದು ಪ್ರಯೋಗಾಲಯ ಎಲ್ಲಿಯೂ ಬೇಡವೆನ್ನಲಾರೆ. ಎಂಡಿಯ (ಅಲ್ಲಿನ ಮೂಲ ವೈದ್ಯಕೀಯ ಪದವಿ) ಜೊತೆಗೆ ಪಿಎಚ್‌ಡಿ ಮಾಡಬೇಕೆನ್ನುವವರಿಗೆ ಗಟ್ಟಿಯಾದ ಸಂಶೋಧನಾನುಭವ ಇರಲೇಬೇಕು. ಸಂಶೋಧನೆಗೇ ಹೆಸರಾದ ಕಾಲೇಜುಗಳಲ್ಲಿಯೂ ಅದಕ್ಕೆ ಹೆಚ್ಚು ಬೆಲೆ. ಉಳಿದ ಕಡೆ, ಕಲಾ ಪದವೀಧರರ ಅರ್ಜಿಯನ್ನು ಮೊದಲು ತೂಗುವುದು ವಿಜ್ಞಾನದ ಕೋರ್ಸುಗಳ ಅಂಕ, ಎಂಕ್ಯಾಟ್ ಮತ್ತು ರೋಗಿಗಳ ಬಳಿ ಕಳೆದ ಸಮಯ. ಎಂಕ್ಯಾಟಿನ ನಾಲ್ಕು ಭಾಗಗಳಲ್ಲಿ ಒಂದರಲ್ಲಿ ವಿಜ್ಞಾನವೇ ಇಲ್ಲ. 90 ನಿಮಿಷಗಳಲ್ಲಿ 53 ಪ್ರಶ್ನೆ, ಎಲ್ಲವೂ ಮಾನವಿಕ ಮತ್ತು ಸಮಾಜ ವಿಷಯಗಳ ಗದ್ಯಭಾಗಗಳ ಮೇಲೆ. ಸಾಹಿತ್ಯ ಓದಿದವರಿಗೆ ಇದು ತವರುಮನೆ.

ನ್ಯೂಯಾರ್ಕಿನ ಮೌಂಟ್ ಸಿನೈ ವೈದ್ಯಕೀಯ ಶಾಲೆ 1987ರಲ್ಲಿ ಒಂದು ದಿಟ್ಟ ಹೆಜ್ಜೆ ಇಟ್ಟಿತು. ಮಾನವಿಕ ವಿಷಯಗಳ ವಿದ್ಯಾರ್ಥಿಗಳನ್ನು ಪದವಿಯ ಎರಡನೆಯ ವರ್ಷದಲ್ಲೇ ಆರಿಸಿ, ಎಂಕ್ಯಾಟ್ ಇಲ್ಲದೆ ಸೀಟು ಖಾತ್ರಿಪಡಿಸಿತು. ಅವರು ಭೌತಶಾಸ್ತ್ರ, ಸಾವಯವ ರಸಾಯನಶಾಸ್ತ್ರಗಳ ವಾಡಿಕೆಯ ಕೋರ್ಸುಗಳನ್ನು ಓದಬೇಕಾಗಿರಲಿಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿದ್ಯಾರ್ಥಿಗಳನ್ನು ವಾಡಿಕೆಯ ದಾರಿಯಲ್ಲಿ ಬಂದವರ ಜೊತೆ ಹೋಲಿಸಿದಾಗ, ಅವರು ಒಟ್ಟಾರೆ ಸರಿಸಮಾನವಾಗಿಯೇ ನಿಂತರು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ: ವೈದ್ಯಕೀಯ ಓದಿನ ನಡುವೆ ಸಂಶೋಧನೆಗೆಂದೇ ಒಂದು ವರ್ಷ ಮೀಸಲಿಟ್ಟವರ ಪ್ರಮಾಣ ಈ ಕಲಾ ವಿದ್ಯಾರ್ಥಿಗಳಲ್ಲೇ ಹೆಚ್ಚಾಗಿತ್ತು.

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಪ್ಲೇಗಿನ ಪ್ರಬಂಧವನ್ನು ಅರ್ಜಿಯಲ್ಲಿ ಸಂಶೋಧನೆ ಎಂದೇ ನಮೂದಿಸಿದಳು. ಮುಂದೊಂದು ಸಂದರ್ಶನದಲ್ಲಿ ಅರ್ಧ ಹೊತ್ತು ಅದರ ಮೇಲೆಯೇ ಮಾತು ನಡೆಯಿತಂತೆ. ಎದುರು ಕುಳಿತಿದ್ದವರು ಸಾಂಕ್ರಾಮಿಕ ರೋಗಗಳ ವೈದ್ಯರು, ಅವರಿಗೂ ತಮ್ಮ ರೋಗಿಗಳು ಏನೇನು ಬಚ್ಚಿಡುತ್ತಾರೆಂಬ ಚಿಂತೆಯಿತ್ತು.